ಹರಳೆಣ್ಣೆ ಹಚ್ಚಿದ ನೊಣ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಗೆ ಕೀಟಗಳ ಪೆಟ್ಟಿಗೆ ಒಪ್ಪಿಸಬೇಕು, ಒಂದೊಂದಕ್ಕೂ ಸರಿಯಾದ ಹೆಸರಿನ ಚೀಟಿ ಅಂಟಿಸಿರಬೇಕು. ಫೇಲಾದರೆ ಕಾಲೇಜು ಬಂದ್ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅವರು ಹೇಳಿದರೆ ಮುಗಿಯಿತು.

ಮೇಷ್ಟ್ರು ನಮ್ಮನ್ನು ಚಿಕ್ಕನಾಯಕನಹಳ್ಳಿ ಆಚೆಯ ಗುಡ್ಡಕ್ಕೆ ಕರೆದೊಯ್ದಾಗ ಕಾಡಿನ ಎಲೆಯೆಲ್ಲ ಉದುರಿತ್ತು. ಒಣಗಿದ ಮರದ ಬೊಡ್ಡೆಯ ಮೇಲೆ ಕಪ್ಪು ದುಂಬಿಯೊಂದು ಇನ್ನೊಂದನ್ನು ಅವುಚಿಕೊಂಡು ಕೂತಿತ್ತು. ಬಲೆ ಹಾಕಿ ಹಿಡಿದೆ.

"ಜೋಡಿ ಕಣಮ್ಮ, ದುಂಬಿ ಅಂತ ಬರಿ," ಎಂದರು ಮೇಷ್ಟ್ರು.

ಜೋಡಿಯಂತೆ ಜೋಡಿ! ಮೇಲಿದ್ದದ್ದು ಕೆಳಗಿನದರ ಕುತ್ತಿಗೆಗೆ ಬಾಯಿ ಚುಚ್ಚಿ ರಸ ಹೀರುತ್ತಿತ್ತು. ದುಂಬಿ ದುಂಬಿಯನ್ನು ತಿನ್ನುವುದುಂಟೇ?

ದುಂಬಿಯಂತೆಯೇ ಕಾಣುವ, ದುಂಬಿಯನ್ನೇ ಬೇಟೆಯಾಡುವ ನೊಣವೊಂದರ ವಿವರ ಲೈಬ್ರರಿಯ ಪುಸ್ತಕದಲ್ಲಿ ಸಿಕ್ಕಿತು. ಹೈಪರೀಕಿಯ ಅಂತ ಹೆಸರು. ದುಂಬಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುಸೂಜಿ ತಲೆಯಂಥ ಗುಬುಟು. ನನ್ನದಕ್ಕೋ ಮೈತುಂಬ ಕೂದಲು, ಏನೂ ಕಾಣದು. ಕೆದಕಿದರೆ ರೆಕ್ಕೆ ಮುರಿಯುವ ಭಯ. ಮೇಷ್ಟ್ರು ಹೇಳಿದಂತೆ ದುಂಬಿ ಎಂದೇ ಚೀಟಿ ಅಂಟಿಸಿದೆ, ಮನಸ್ಸು ಮಾತ್ರ ಒಪ್ಪಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಪೆಟ್ಟಿಗೆ ತೆಗೆದರೆ ಹುಳುಗಳೆಲ್ಲ ಮಿರಮಿರ ಮಿಂಚುತ್ತಿವೆ!

"ಅಮ್ಮಾ, ಏನ್ ಮಾಡ್ದೆ?"

"ಹುಳ ಹಿಡೀಬಾರ್ದು ಅಂತ ಒಂಚೂರು ಹರಳೆಣ್ಣೆ ಸವರ್ದೆ ಕಣೇ. ಬೇಳೆಗೆ ಹಚ್ಚಲ್ವಾ?"

"ಅವೇ ಹುಳ ಕಣಮ್ಮಾ! ನನ್ ತಲೆಗೆ ಹಚ್ಚೋಕೆ ಬುಡಲ್ಲ ಅಂತ ಹುಳದ ತಲೆಗೆ ಹಚ್ಚಿದ್ಯಾ?"

ಕಾಲೇಜು ಸೇರಿದ ಮೇಲೆ ನಾನು ತಲೆಗೆ ಎಣ್ಣೆ ಮುಟ್ಟಿಸುತ್ತಿರಲಿಲ್ಲ. ಅದಕ್ಕೇ ದಿನಾ ಜಗಳ. ಅಳುತ್ತಲೇ ಹತ್ತಿ ಹಿಡಿದು ಒರೆಸಲು ಕೂತೆ. ಎಣ್ಣೆಗೆ ಆ ದುಂಬಿಯ ಕೂದಲೆಲ್ಲ ಮೈಗಂಟಿತ್ತು. ರೆಕ್ಕೆಯ ಬುಡದಲ್ಲಿ ಏನೋ ಕಂಡಿತು. ಲೆನ್ಸ್ ಹಿಡಿದೆ. ಗುಬುಟು! ಇನ್ನೊಂದು ಪಕ್ಕದಲ್ಲೂ ಇತ್ತು. ಹಳೇ ಚೀಟಿ ಕಿತ್ತು ನೊಣದ ಹೆಸರು ಬರೆದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪೆಟ್ಟಿಗೆ ಮೂಸಿ ಮುಖ ಸಿಂಡರಿಸಿದರು.

"ಏನ್ರೀ ಇದು, ಹರಳೆಣ್ಣೆ ವಾಸನೆ?"

"ನಮ್ಮಮ್ಮ ಹಚ್ಚಿದ್ದು ಸಾರ್."

ನೊಣದ ಮೇಲೆ ಲೆನ್ಸ್ ಇಟ್ಟು ಬಹಳ ಹೊತ್ತು ನೋಡಿದರು. "ದುಂಬಿ ಅಂತ ಬರೆದಿದ್ರೆ ಮಾರ್ಕ್ಸ್ ಹೋಗ್ತಿತ್ತು," ಎಂದು ಸರಿ ಗುರುತು ಹಾಕಿದರು. ಕಾಲೇಜು ಬಿಡಿಸಲು ಅಪ್ಪನಿಗೆ ನೆಪ ಸಿಗಲಿಲ್ಲ.

ಅವತ್ತು ಸಂಜೆ ಎಣ್ಣೆ ಬಟ್ಟಲು ತಂದು ಅಮ್ಮನ ಮುಂದಿಟ್ಟು, ಅವಳಿಗೆ ಬೆನ್ನು ಮಾಡಿ ಕೂತೆ.

"ಯಾಕೇ, ನಿಂಗೂ ಹುಳ ಹಿಡೀತದಾ?" ಎನ್ನುತ್ತಾ ಅಮ್ಮ ನನ್ನ ಜಡೆ ಬಿಚ್ಚಿದಳು.