ಮತ್ತೆ ಮತ್ತೆ ಮಾರಾಟವಾದ ಕುಂಬಳಕಾಯಿ

ಇವತ್ತು ಬೆಳಿಗ್ಗೆ ದಿಲ್ಲಿಯ ಕಿದ್ವಾಯಿ ನಗರದ ಗೇಟಿನ ಹತ್ತಿರ ತರಕಾರಿ ಭಯ್ಯಾ ಸಿಹಿಗುಂಬಳ ಕೊಯ್ಯುತ್ತಿದ್ದ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಕೇಜಿಗೆ ಚೌಕಾಸಿ ಮಾಡಲು ತೆರೆದ ನನ್ನ ಬಾಯಿ ಹಾಗೇ ನಿಂತಿತು. ನಂಬಿ, ಅದು ಸುಮ್ಮಸುಮ್ಮನೆ ನಿಲ್ಲುವ ಬಾಯಲ್ಲ. ಒಂದೇ ಹೊಲಿಗೆ ಯಂತ್ರದಿಂದ ಶುರುಮಾಡಿ, ಗುರುಗ್ರಾಮದ ಫ್ಲ್ಯಾಟುಗಳಿಗೆ ಪರದೆ ಹೊಲಿದು ಅಂಗಡಿ ಕಟ್ಟಿದವಳು ನಾನು. ಬಾಯಿಯೇ ನನ್ನ ಬಂಡವಾಳ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯ ಪ್ರಕಾಶ, ಅವನ ಹೆಂಡತಿ ಶೀಲಾ, ಮಿಷನರಿಗಳಾಗಿ ಮಂಗೋಲಿಯಾಕ್ಕೆ ಹೊರಟಿದ್ದರು. ದಿಲ್ಲಿ ಚಳಿಗೇ ಎರಡು ಸ್ವೆಟರ್ ಹಾಕುವ ಹುಡುಗಿ ಶೀಲಾ! ಇಬ್ಬರೂ ಕೆಲಸ ಬಿಟ್ಟಾಗಿತ್ತು, ತಿಂಗಳ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಆದರೆ ಅವರನ್ನು ಕಳಿಸುವ ಸಂಸ್ಥೆಯದು ಒಂದೇ ಷರತ್ತು: ಅಲ್ಲಿನ ಖರ್ಚಿಗೆ ಪ್ರತಿ ತಿಂಗಳೂ ಕೊಡುತ್ತೇವೆಂದು ಇಲ್ಲಿನ ಸಭೆಗಳವರು ಪೂರ್ತಿ ಮಾತು ಕೊಡುವವರೆಗೆ ಟಿಕೆಟ್ ಇಲ್ಲ.

ಪ್ರಕಾಶ ಭಾನುವಾರಕ್ಕೊಂದು ಚರ್ಚಿಗೆ ಹೋಗಿ ಅಲ್ಲಿನ ಹುಲ್ಲುಗಾವಲು, ಕುದುರೆ, ಮಕ್ಕಳು ಎಲ್ಲವನ್ನೂ ಚೆನ್ನಾಗಿ ಬಣ್ಣಿಸಿ, ಕೊನೆಗೆ "ನಮಗಾಗಿ ಪ್ರಾರ್ಥಿಸಿ" ಎಂದು ಕೂತುಬಿಡುತ್ತಿದ್ದ. ಪ್ರಾರ್ಥನೆ ಧಾರಾಳವಾಗಿ ಸಿಕ್ಕಿತು. ಸಮೋಸವೂ.

ಇಬ್ಬರನ್ನೂ ಅಂಗಡಿಗೆ ಕರೆಸಿ ಕೂರಿಸಿದೆ. "ಕೇಳಪ್ಪಾ, ಬೇಕಾದ್ದರ ಎರಡರಷ್ಟು ಹೇಳು, ಜನ ಅರ್ಧಕ್ಕೆ ಇಳಿಸ್ತಾರೆ. ಹೇಳಿದ ಮೇಲೆ ಬಾಯಿ ಮುಚ್ಕೊಂಡಿರು." (ನೀವೂ ನೆನಪಿಡಿ, ಎಲ್ಲ ಕಡೆ ನಡೆಯುತ್ತದೆ; ನನ್ನ ಅಂಗಡಿಯೊಂದನ್ನು ಬಿಟ್ಟು.)

"ಸುಳ್ಳಾಗಲ್ವಾ ಆಂಟಿ?"

"ಸುಳ್ಳಲ್ಲಪ್ಪಾ, ರೇಟು."

ಶೀಲಾ ನಕ್ಕಳು. ಅವನು ನಗಲಿಲ್ಲ.

ಮುಂದಿನ ಭಾನುವಾರ ನಮ್ಮ ಸಭೆಯ ಸುಗ್ಗಿ ಹಬ್ಬ. ಜನ ಅರ್ಪಿಸಿದ ಹಣ್ಣು, ತರಕಾರಿಗಳನ್ನು ಆರಾಧನೆಯ ನಂತರ ಹರಾಜು ಹಾಕುವುದು ಊರಿಂದ ಬಂದ ರೂಢಿ. ಕೊಂಡವರು ಅದನ್ನೇ ವಾಪಸ್ ಕೊಟ್ಟು ಮತ್ತೆ ಕೂಗಿಸುವುದೂ ಉಂಟು. ಕೂಗುವವಳು ನಾನೇ, ಇನ್ಯಾರು? ಹರಾಜಿಗೆ ಮೊದಲು ಪ್ರಕಾಶ ಎದ್ದ. ಒಂದು ಮೊತ್ತ ಹೇಳಿ ಬಾಯಿ ಮುಚ್ಚಿದ. ಭೇಷ್ ಎಂದುಕೊಂಡೆ. ಅಷ್ಟರಲ್ಲಿ ಅವನ ಕಿವಿ ಕೆಂಪಾಯಿತು.

"ತಪ್ಪಾಯ್ತು. ನಮಗೆ ಇನ್ನೂ ಬೇಕಾಗಿರೋದು ಅದರಲ್ಲಿ ಅರ್ಧ. ಡಬಲ್ ಕೇಳು ಅಂತ ಆಂಟಿ ಹೇಳಿಕೊಟ್ರು."

ಸಭೆಯೆಲ್ಲ ನನ್ನತ್ತ ತಿರುಗಿ ಘೊಳ್ಳೆಂದಿತು. "ಹಾಗಾದ್ರೆ ನಮ್ಮನೆ ಪರದೆ ಕಥೆ ಏನಮ್ಮಾ?" ಎಂದರು ನಮ್ಮ ಪಾದ್ರಿ ಅಯ್ಯನವರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈಗೆ ಸಿಕ್ಕ ಕುಂಬಳಕಾಯಿ ಎತ್ತಿ ಹರಾಜು ಶುರುಮಾಡಿಬಿಟ್ಟೆ.

ಹಿಂದಿನ ಬೆಂಚಿನಿಂದ ಆರ್.ಕೆ.ಪುರಂನ ಸಮುವೇಲಪ್ಪನವರು ಎದ್ದರು. ರಿಟೈರ್ಡ್ ಗುಮಾಸ್ತರು, ಹರಾಜಿನಲ್ಲಿ ಎಂದೂ ತುಟಿ ಬಿಚ್ಚಿದವರಲ್ಲ. "ತಿಂಗಳಿಗೆ ಐನೂರು, ಹುಡುಗರು ಅಲ್ಲಿರೋವರೆಗೂ. ಕಾಯಿ ವಾಪಸ್ ಇಟ್ಕೊಳ್ಳಿ, ಮತ್ತೆ ಕೂಗಿ."

ಅಬ್ಬಾ, ಆಮೇಲೆ ನೀವು ನೋಡಬೇಕಿತ್ತು! ಕುಂಬಳಕಾಯಿ ಕೈಯಿಂದ ಕೈಗೆ ಹಾರಿತು. ಐಟಿ ಹುಡುಗರು ತಿಂಗಳಿಗೆ ಸಾವಿರ, ಎರಡು ಸಾವಿರ ಎಂದರು. ಸಂಡೇ ಸ್ಕೂಲ್ ಮಕ್ಕಳು ಗುಂಪಾಗಿ, "ಹಮ್ ಭೀ, ನಾವೂ ಆಂಟಿ, ನೂರು ರೂಪೀಸ್!" ನಾನು ಗಂಟಲು ಹರಿಯುವಂತೆ ಕೂಗಿದೆ. ಶೀಲಾ ಅಳುತ್ತಾ ನಗುತ್ತಾ ಹೆಸರು ಬರೆದುಕೊಂಡಳು.

ಕೊನೆಗೆ ಕೂಗು ನಿಂತಿತು. ಕಾಯಿ ನನ್ನ ಕೈಯಲ್ಲೇ ಉಳಿದಿತ್ತು.

"ಇನ್ನೆಷ್ಟು ಕಮ್ಮಿ?" ಅಂದೆ. ಪ್ರಕಾಶ ಹೇಳಿದ. ಸಣ್ಣ ಮೊತ್ತವಲ್ಲ. ನಾನು ಎಷ್ಟಕ್ಕೆ ಇಳಿಸುತ್ತೇನೆಂದು ಎಲ್ಲರೂ ಕಾದರು. ನಿಜ ಹೇಳಲೇ, ನಾನೂ ಕಾದೆ.

"ಆಯ್ತು, ಅಷ್ಟಕ್ಕೇ. ಕಾಯಿ ನನ್ನದು."

ಅವರು ತಿಂಗಳ ಕೊನೆಗೇ ಹಾರಿದರು. ಈಗಲೂ ಅಲ್ಲಿಂದ ಫೋಟೋ ಬರುತ್ತವೆ: ನಾಲ್ಕು ಸ್ವೆಟರಿನೊಳಗೆ ಶೀಲಾ, ಸುತ್ತ ಕೆಂಪು ಕೆನ್ನೆಯ ಮಕ್ಕಳು.

ಇವತ್ತು ಮಧ್ಯಾಹ್ನ ಊಟಕ್ಕೆ ರೂಪಾ ಬರುತ್ತಾಳೆ. ನಮ್ಮ ಸಭೆಯ ನರ್ಸ್, ಕಾಂಬೋಡಿಯಾಕ್ಕೆ ಹೊರಟವಳು. "ಹೇಗೆ ಕೇಳ್ಬೇಕು ಹೇಳಿಕೊಡಿ ಆಂಟಿ" ಎಂದು ಫೋನಿನಲ್ಲಿ ಎರಡೆರಡು ಸಲ ಕೇಳಿದ್ದಳು. ಹೇಳಿಕೊಡುತ್ತೇನೆ: ಬೇಕಾದಷ್ಟನ್ನೇ ಕೇಳು, ಗಟ್ಟಿಯಾಗಿ ಕೇಳು, ಉಳಿದದ್ದು ನನ್ನ ಗಂಟಲಿಗೆ ಬಿಡು. ಬರುವ ಭಾನುವಾರ ಸುಗ್ಗಿ ಹಬ್ಬ.

"ಕಿತನಾ ದೂ, ಆಂಟೀಜಿ?" ಎಷ್ಟು ಕೊಡಲಿ ಎಂದು ಭಯ್ಯಾ ಚಾಕು ಎತ್ತಿದ.

ಗಾಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ, ಇಡೀ ಕುಂಬಳಕಾಯಿಯನ್ನು ತೋರಿಸಿ, ಕೊಯ್ಯಬೇಡ ಎಂದೆ. ಅವನು ಹೇಳಿದ ರೇಟಿನಲ್ಲಿ ಹತ್ತೇ ಹತ್ತು ರೂಪಾಯಿ ಇಳಿಸಿ, ಮಗುವನ್ನೆತ್ತುವಂತೆ ಎತ್ತಿಕೊಂಡು ಮನೆಗೆ ಬಂದೆ.