ಕೆಂಪಾಗಿದ್ದ ಓಕ್ ಗಿಡ

ಮೊನ್ನೆ ಬೀದಿ ಕೊನೆಯಲ್ಲಿ ಯಾರೋ ಹಸಿ ಸೊಪ್ಪಿಗೆ ಬೆಂಕಿ ಹಾಕಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಮೈಸೂರಿನ ಹಿನಕಲ್‌ನ ನಮ್ಮ ಬಾಡಿಗೆ ಮನೆಯ ಬಚ್ಚಲ ಒಲೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಪಕ್ಕದ ಮನೆಯ ಯಜಮಾನರೂ...

ತೊಂಬತ್ತರ ದಶಕದ ಮಾತು. ಅವರು ಸರ್ಕಾರಿ ತೋಟದಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಊಟಿಯಿಂದ ತಂದ ಬೀಜ ಹಾಕಿ ಅಂಗಳದಲ್ಲೊಂದು ಓಕ್ ಗಿಡ ಬೆಳೆಸಿದ್ದರು. ಕಾಫಿ ತೋಟದ ಸಿಲ್ವರ್ ಓಕಾ ಎಂದು ಯಾರಾದರೂ ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು. "ಇದು ಅಸಲಿ ಓಕ್ ಕಣಮ್ಮ. ಚಳಿಗೆ ಎಲೆಯೆಲ್ಲ ಕೆಂಪಗಾಗ್ಬುಡುತ್ತೆ, ನೋಡ್ತಿರು," ಎನ್ನುತ್ತಿದ್ದರು. ಆರು ವರ್ಷವಾದರೂ ಮೈಸೂರಿನ ಚಳಿಗೆ ಅದು ಜಗ್ಗಿರಲಿಲ್ಲ. ನಾನು ಅಕ್ಕಿ ಆರಿಸುತ್ತ ಹೂಂಗುಟ್ಟುತ್ತಿದ್ದೆ, ಒಳಗೆ ಹೋಗಿ ನಗುತ್ತಿದ್ದೆ.

ಒಂದು ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಹಾಸನಕ್ಕೆ ಹೊರಟರು. ಗಿಡಕ್ಕೆ ನೀರು ಹಾಕುವ ಕೆಲಸ ನನಗೆ ಬಿತ್ತು. ಮೊದಲ ವಾರ ಹಾಕಿದೆ. ಆಮೇಲೆ ಸೋಮಾರಿತನ... ಒಂದು ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಕೆಂಪಗೆ ತಿರುಗಿವೆ! ಅವರು ಹೇಳುತ್ತಿದ್ದ ಕೆಂಪು ಇದೇ ಎಂದು ನನಗೆ ಹೊಳೆಯಲೇ ಇಲ್ಲ. ನೀರು ತಪ್ಪಿಸಿದವಳ ಕಣ್ಣಿಗೆ ಗಿಡ ಸತ್ತಂತೆಯೇ ಕಂಡಿತು. ಕೊಡಗಟ್ಟಲೆ ಸುರಿದೆ, ಕೆಂಪು ಇನ್ನೂ ಏರಿತು.

ಅವರು ಬರುವ ಹಿಂದಿನ ದಿನ ಗುದ್ದಲಿ ತಂದು, ಸೊಂಟದೆತ್ತರದ ಆ ಗಿಡವನ್ನು ಬೇರುಸಹಿತ ಕಿತ್ತು ಗುಂಡಿ ಮುಚ್ಚಿದೆ. ತುಂಡು ಮಾಡಿ ಒಲೆಗೆ ತುರುಕಿದೆ. ಹತ್ತಿಕೊಳ್ಳಲಿಲ್ಲ. ಬರೀ ಹೊಗೆ, ಕಡಿದ ತುದಿಯಲ್ಲಿ ನೊರೆ ನೊರೆಯಾಗಿ ನೀರು ಉಕ್ಕಿತು. ಒಣಗಿದ ಸೌದೆ ಹಾಗೆ ಮಾಡುವುದಿಲ್ಲ. ಗಿಡ ಬದುಕಿತ್ತು ಎಂದು ಆಗ ಗೊತ್ತಾಯಿತು.

"ಬೀದಿ ಹಸು ನುಗ್ಗಿ ಕಿತ್ತುಹಾಕ್ತು ಯಜಮಾನ್ರೇ," ಎಂದೆ. ಅವರು ಸಮ ಮಾಡಿದ ಮಣ್ಣನ್ನೇ ನೋಡುತ್ತ ನಿಂತರು. ಹಸು ಗುಂಡಿ ಮುಚ್ಚುವುದಿಲ್ಲ ಎಂದು ತೋಟದ ಕೆಲಸದವರಿಗೆ ಗೊತ್ತಿಲ್ಲವೇ? ಬೈಯಲಿಲ್ಲ. ಕೇಳಿದ್ದು ಒಂದೇ: "ಎಲೆ ಏನಾದ್ರೂ ಕೆಂಪಗಾಗಿತ್ತೇನಮ್ಮ?"

"ಇಲ್ಲ, ಹಸಿರಾಗೇ ಇತ್ತು," ಎಂದುಬಿಟ್ಟೆ. ಹೌದೆಂದರೆ, ಕೆಂಪಾದದ್ದನ್ನು ಕಂಡು ಸತ್ತಿತೆಂದು ನಾನೇ ಕಿತ್ತದ್ದು ಬಯಲಾದೀತೆಂಬ ಹೆದರಿಕೆ.

"ಹಂಗಾದ್ರೆ ಬುಡಮ್ಮ, ಈ ಊರಿನ ಚಳಿ ಅದಕ್ಕೆ ಸಾಲ್ದು," ಎಂದು ಒಳಗೆ ಹೋದರು. ಮತ್ತೆ ಬೀಜ ಹಾಕಲಿಲ್ಲ.

ಅದಾಗಿ ಏಳೆಂಟು ವರ್ಷಕ್ಕೆ ತೀರಿಕೊಂಡರು. ಅಲ್ಲಿಯವರೆಗೂ ದಿನಾ ಕಾಂಪೌಂಡಿನಾಚೆ ಸಿಗುತ್ತಿದ್ದರು; ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಅಲ್ಲಿ ಆ ಎರಡೂ ಮನೆಗಳಿಲ್ಲ, ಹೇಳಿಕೊಳ್ಳೋಣವೆಂದರೆ ಅವರೂ ಇಲ್ಲ. ಹಸುವಿನ ಸುಳ್ಳನ್ನು ಅವರು ನಂಬಿರಲಿಲ್ಲ, ಅದು ಹೋಗಲಿ. ನಾಚಿಕೆಯಿಂದ ನಾನು ಕುಗ್ಗಿಹೋಗುವುದು ಇನ್ನೊಂದಕ್ಕೆ... ಹಸಿರಾಗೇ ಇತ್ತು ಎಂದದ್ದನ್ನು ಅವರು ನಂಬಿಕೊಂಡೇ ಹೋದರು.