ಮುಚ್ಚಳವಿಲ್ಲದ ಡಬ್ಬಿ

ಆರೋಗ್ಯ ಕೇಂದ್ರದಿಂದ ಹೆಂಗಸರ ರಕ್ತ ತಪಾಸಣೆಗೆಂದು ನಾನು ಘೋಡಗೇರಿಗೆ ಹೋದಾಗ ಒಂದು ಮನೆಯ ಕಟ್ಟೆಯ ಮೇಲೆ ಜೋರು ವ್ಯಾಪಾರ ನಡೆದಿತ್ತು. ಉದುರಿದ ಕೂದಲು ತೂಗಿಕೊಂಡು ಸ್ಟೀಲ್ ಡಬ್ಬಿ ಕೊಡುವ ಹೆಂಗಸು ಬಂದಿದ್ದಳು. ಮನೆಯ ಸೊಸೆ ಮಹಾದೇವಿ ಕೂದಲಿನ ದೊಡ್ಡ ಗಂಟನ್ನೇ ತಂದಿಟ್ಟಳು.

"ಎಷ್ಟು ಮಂದೀದವಾ ಇದು?" ಅಂದೆ, ಕುತೂಹಲ ತಡೆಯದೆ.

"ನಂದೊಬ್ಬಾಕೀದ ರೀ ಅಕ್ಕಾರ! ಹಡದ ಮ್ಯಾಲೆ ಭಾಳ ಉದರತಾವ. ಇಷ್ಟಕ್ಕ ಬರೇ ಡಬ್ಬಿ ಅಂತ, ಇನ್ನಷ್ಟು ಕೂಡಿಟ್ರ ಮುಚ್ಚಳಾನೂ ಕೊಡತಾಳಂತ."

ಹೆರಿಗೆಯಾದ ಕೆಲವು ತಿಂಗಳಿಗೆ ಕೂದಲು ಉದುರುವುದು ಸಹಜ, ತಾನಾಗಿಯೇ ನಿಲ್ಲುತ್ತದೆ. ಆದರೆ ಇವಳ ಕೂಸು ಆಗಲೇ ಅಂಗಳದ ತುಂಬ ಓಡಾಡುತ್ತಿತ್ತು! ಬೆರಳು ಚುಚ್ಚಿ ನೋಡಿದೆ. ರಕ್ತ ತೀರಾ ಕಡಿಮೆ; ಕೂದಲು ಉದುರಲು ಅದೂ ಒಂದು ಕಾರಣ.

"ಕಬ್ಬಿಣದ ಗುಳಿಗಿ ನುಂಗಾಕತ್ತಿಲ್ಲೇನು?"

"ಒಂದಿನಾನೂ ತಪ್ಪಿಸಿಲ್ರಿ. ಬಿಸಿ ಚಹಾದ ಜೋಡಿ ನುಂಗತೇನಿ, ಸರಳ ಇಳೀತೈತಿ."

ಎಡವಟ್ಟು ಅಲ್ಲೇ ಇತ್ತು. ಚಹಾದ ಜೊತೆ ನುಂಗಿದರೆ ಗುಳಿಗೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಲಿಂಬು ಪಾನಕದ ಜೊತೆ ನುಂಗು, ಚಹಾ ಎರಡು ತಾಸು ಬಿಟ್ಟು ಕುಡಿ ಎಂದೆ. ಥೈರಾಯ್ಡ್ ಕೆಟ್ಟರೂ ಕೂದಲು ಉದುರುತ್ತದೆಂದು ಹುಕ್ಕೇರಿಯ ಆಸ್ಪತ್ರೆಗೆ ಕಳಿಸಿ ಅದನ್ನೂ ನೋಡಿಸಿದೆ. ಅದು ಸರಿಯಿತ್ತು.

ಕೆಲವು ತಿಂಗಳ ನಂತರ ಮತ್ತೆ ಹೋದೆ. ಮಹಾದೇವಿಯ ಕೂದಲು ಉದುರುವುದು ನಿಂತು, ಹಣೆಯ ಅಂಚಿನಲ್ಲಿ ಗಿಡ್ಡ ಹೊಸ ಕೂದಲು ಎದ್ದು ನಿಂತಿದ್ದವು. ನಾನು ಹಿಗ್ಗಿದೆ. ಅವಳು ಮಾತ್ರ ಶೇಂಗಾ ಚಟ್ನಿಯ ಡಬ್ಬಿಗೆ ತಾಟು ಮುಚ್ಚುತ್ತ ಗೊಣಗಿದಳು:

"ನಿಮ್ಮ ಮಾತು ಕೇಳಿ ಮುಚ್ಚಳಾ ಹೋತ್ ನೋಡ್ರಿ."